ನನ್ನ ಅನುಭವ: ನಾಲ್ಕು ಹೆಡ್, ಒಂದು ತೂಕಯಂತ್ರ ಮತ್ತು ಸುಳ್ಳು ಹೇಳಿದ ಚಾರ್ಟ್

ಸುಮಾರು ಒಂಬತ್ತು ತಿಂಗಳ ಹಿಂದೆ, ಪ್ಯಾಕಿಂಗ್ ವಿಭಾಗದಲ್ಲಿ ತೂಕಯಂತ್ರಕ್ಕೆ ಹಳೆಯ ಕಂಪ್ಯೂಟರೊಂದನ್ನು ಜೋಡಿಸಿ ಕಂಟ್ರೋಲ್ ಚಾರ್ಟ್ (ತೂಕದ ಏರಿಳಿತ ಸಹಜ ಮಿತಿಗಳ ಒಳಗಿದೆಯೇ ಎಂದು ಚುಕ್ಕೆಗಳಲ್ಲಿ ತೋರಿಸುವ ನಕ್ಷೆ) ಹಾಕುತ್ತೇನೆ ಎಂದಾಗ ನಕ್ಕವರು ಯಾರು ಯಾರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅವರಲ್ಲಿ ಮೂವರು ಈಗ ಬೆಳಿಗ್ಗೆ ಬಂದೊಡನೆ ಮೊದಲು ನೋಡುವುದು ಆ ಪರದೆಯನ್ನೇ. ಈ ಬರಹದಲ್ಲಿ ಅಲ್ಲಲ್ಲಿ ಜಂಬ ಕಂಡರೆ ಅದಕ್ಕೆ ಕಾರಣ ಇದೇ.

ನಮ್ಮದು ಬಟ್ಟೆ ಒಗೆಯುವ ಪುಡಿ, 500 ಗ್ರಾಂ ಪೌಚ್. ನಾಲ್ಕು ಹೆಡ್‌ಗಳ ಆಗರ್ ಫಿಲ್ಲರ್, ಅಂದರೆ ತಿರುಪು ತಿರುಗಿ ಪುಡಿ ಸುರಿಸುವ ನಾಲ್ಕು ಬಾಯಿಗಳ ಯಂತ್ರ. ಶಿಫ್ಟ್‌ಗೆ ಹದಿನಾಲ್ಕರಿಂದ ಹದಿನೈದು ಸಾವಿರ ಪೌಚ್, ದಿನಕ್ಕೆ ಎರಡು ಶಿಫ್ಟ್. ಸರಾಸರಿ ತೂಕ 508 ಗ್ರಾಂ. ಈ 508 ಎಲ್ಲಿಂದ ಬಂತು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಒಂದೇ ಒಂದು ಪೌಚ್ ಕೂಡ 500ಕ್ಕಿಂತ ಕೆಳಗೆ ಹೋಗಬಾರದು ಎಂಬುದು ಯಜಮಾನರ ಕಟ್ಟಪ್ಪಣೆ. ಪೊಟ್ಟಣಗಳ ಬಗೆಗಿನ ಅಂತಾರಾಷ್ಟ್ರೀಯ ಶಿಫಾರಸು, ಅಂದರೆ ಅಂತಾರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯಾದ ಓಐಎಂಎಲ್‌ನ ಆರ್ 87, ಇಷ್ಟು ಬಿಗಿಯಾಗಿಲ್ಲ. ಅದರ ಪ್ರಕಾರ ಲಾಟ್‌ನ ಸರಾಸರಿ 500ಕ್ಕಿಂತ ಕಡಿಮೆಯಾಗಬಾರದು, 15 ಗ್ರಾಂಗಿಂತ ಹೆಚ್ಚು ಕೊರತೆಯಿರುವ ಪೌಚ್‌ಗಳು ನೂರಕ್ಕೆ ಎರಡೂವರೆಯನ್ನು ಮೀರಬಾರದು, 30 ಗ್ರಾಂಗಿಂತ ಹೆಚ್ಚು ಕೊರತೆಯದು ಒಂದೂ ಇರಬಾರದು. ಇದನ್ನು ಹೇಳಿ ನೋಡಿದೆ. "ಅದು ಅವರ ನಿಯಮ, ಇದು ನನ್ನದು" ಎಂದರು. ಸರಿ, ಅವರ ನಿಯಮವನ್ನು ಮುಟ್ಟದೆಯೇ 508ನ್ನು ಕೆಳಗಿಳಿಸುವುದು ನನ್ನ ಪಾಲಿನ ಕೆಲಸವಾಯಿತು.

ಮೊದಲು ಹಣದ ವಿಷಯ ಮುಗಿಸುತ್ತೇನೆ. ಮೊತ್ತಗಳನ್ನು ಬರೆಯುವುದಿಲ್ಲ. ನಮ್ಮಲ್ಲಿ ಎಲ್ಲ ಲೆಕ್ಕವೂ 25 ಕಿಲೋ ಚೀಲಗಳಲ್ಲಿ ನಡೆಯುತ್ತದೆ, ಇಲ್ಲಿಯೂ ಹಾಗೆಯೇ ಇರಲಿ. ತೂಕಯಂತ್ರ, ಸಾಫ್ಟ್‌ವೇರ್, ತರಬೇತಿ ಎಲ್ಲ ಸೇರಿದ ಸಿದ್ಧ ವ್ಯವಸ್ಥೆಗೆ ಬಂದ ಕೊಟೇಶನ್ ಸುಮಾರು ಮುನ್ನೂರು ಚೀಲ ಪುಡಿಯ ಬೆಲೆ. ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು, ಸೊನ್ನೆಗಳು ಕಡಿಮೆಯಾಗಲಿಲ್ಲ. ನಾನು ಮಾಡಿದ್ದಕ್ಕೆ ತಪ್ಪು ಖರೀದಿಗಳೂ ಸೇರಿ ಇಪ್ಪತ್ತೆರಡು ಚೀಲ ಆಗಿರಬಹುದು. ಆ ಪೈಕಿ ಐದು ಚೀಲ ಶುದ್ಧ ದಂಡ. ಕಥೆ ಅಲ್ಲಿಂದಲೇ ಶುರು.

ದಂಡವೆಂದರೆ ಮೊದಲನೆಯ ತೂಕಯಂತ್ರ. ಆರು ಕಿಲೋ ಸಾಮರ್ಥ್ಯ, ಒಂದು ಗ್ರಾಂ ಹೆಜ್ಜೆ. 500 ಗ್ರಾಂಗೆ ಒಂದು ಗ್ರಾಂ ಎಂದರೆ ಐನೂರರಲ್ಲಿ ಒಂದು ಪಾಲು, ಧಾರಾಳವಾಯಿತು ಎಂದುಕೊಂಡಿದ್ದೆ. ಎರಡು ದಿನದ ರೇಂಜ್ ಚಾರ್ಟ್ ಹಾಕಿದೆ (ರೇಂಜ್ ಎಂದರೆ ಒಂದು ಗುಂಪಿನ ಅತಿ ಭಾರದ ಮತ್ತು ಅತಿ ಹಗುರದ ಪೌಚ್‌ಗಳ ಅಂತರ), ಮೆಟ್ಟಿಲು ಕಂಡಿತು. 2, 3, 2, 4, 3, 2: ಇಡೀ ಚಾರ್ಟ್‌ನಲ್ಲಿ ಇದ್ದದ್ದೇ ಮೂರು ನಾಲ್ಕು ಬೆಲೆಗಳು. ಹೆಜ್ಜೆಯ ಗಾತ್ರವನ್ನು ಪೌಚ್‌ನ ತೂಕಕ್ಕೆ ಹೋಲಿಸಿದ್ದೇ ನನ್ನ ತಪ್ಪು. ಹೋಲಿಸಬೇಕಾದದ್ದು ತೂಕದ ಏರಿಳಿತಕ್ಕೆ. ಏರಿಳಿತವೇ ಒಂದೂವರೆ ಗ್ರಾಂ ಆಸುಪಾಸು ಇರುವಾಗ ಒಂದು ಗ್ರಾಂ ಹೆಜ್ಜೆಯ ಯಂತ್ರದಿಂದ ಅಳೆಯುವುದು, ಗೇಣುಗಳಲ್ಲಿ ಬೆರಳಿನ ದಪ್ಪ ಅಳೆದ ಹಾಗೆ. ಆ ಯಂತ್ರ ಈಗ ಸ್ಟೋರ್‌ನಲ್ಲಿ ಬೋಲ್ಟು ನಟ್ಟು ತೂಗುತ್ತಿದೆ.

ಎರಡನೆಯದು ಮೂರು ಕಿಲೋ, 0.1 ಗ್ರಾಂ. ಹನ್ನೆರಡು ಚೀಲ. ಜೊತೆಗೆ 500 ಗ್ರಾಂನ ಎಂ1 ದರ್ಜೆಯ ಪರೀಕ್ಷಾ ತೂಕ. ಇದರ ಅನುಮತಿಸಿದ ದೋಷ 25 ಮಿಲಿಗ್ರಾಂ, ನಮ್ಮ ಯಂತ್ರಕ್ಕೆ ಬೇಕಾದಷ್ಟಾಯಿತು. ಇದಕ್ಕಿಂತ ಮೇಲಿನ ದರ್ಜೆ ಕೊಳ್ಳಿ ಎಂದು ಮಾರುವವರು ಒತ್ತಾಯಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಸೀರಿಯಲ್ ಕೇಬಲ್ ಜೋಡಿಸಿ ತೂಕವನ್ನು ನೇರವಾಗಿ ಕಂಪ್ಯೂಟರ್‌ಗೆ ತರುವುದು ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ, ಮೂರು ವಾರ ಹಿಡಿಯಿತು. ಮೊದಲ ದಿನ ಚಾರ್ಟ್‌ನಲ್ಲಿ 312 ಗ್ರಾಂನ ಪೌಚ್ ಬಂತು, ನಂತರ 641ರದು. ಪೌಚ್ ಇನ್ನೂ ಹುಡುಗನ ಕೈಯಲ್ಲೇ ಇರುವಾಗ, ತಟ್ಟೆಗೆ ಅರ್ಧ ತಾಗಿದ ಕ್ಷಣದಲ್ಲಿ ಬಂದ ಸಾಲುಗಳನ್ನೂ ನನ್ನ ಪ್ರೋಗ್ರಾಂ ನುಂಗುತ್ತಿತ್ತು. ಯಂತ್ರ ಕಳಿಸುವ ಪ್ರತಿ ಸಾಲಿನ ಆರಂಭದಲ್ಲಿ ಸ್ಥಿರವಾಗಿದ್ದರೆ ಎಸ್‌ಟಿ, ಅಲುಗಾಡುತ್ತಿದ್ದರೆ ಯುಎಸ್ ಎಂಬ ಎರಡಕ್ಷರ ಇರುತ್ತದೆ. ಅದನ್ನು ಓದಿಕೊಳ್ಳದೆ ಅಂಕಿಯನ್ನು ಮಾತ್ರ ಕತ್ತರಿಸಿಕೊಂಡಿದ್ದೆ. ಸರಿಪಡಿಸಿದ ಮರುದಿನ ಇನ್ನೊಂದು ತಮಾಷೆ. ರೇಂಜ್ ಸೊನ್ನೆ! ನಾಲ್ಕೂ ಪೌಚ್‌ಗಳು ಒಂದೇ ತೂಕ! ಮೇಲ್ವಿಚಾರಕರು ಬಂದು ಬೆನ್ನು ತಟ್ಟಿದರು. ನಡೆದದ್ದು ಇಷ್ಟೇ: ತಟ್ಟೆಯ ಮೇಲೆ ಕುಳಿತಿದ್ದ ಒಂದೇ ಪೌಚ್ ನಾಲ್ಕು ಸಲ ದಾಖಲಾಗಿತ್ತು. ಈಗ ತೂಕ 20 ಗ್ರಾಂಗಿಂತ ಕೆಳಗಿಳಿದು ಮತ್ತೆ ಏರಿದರೆ ಮಾತ್ರ ಹೊಸ ಪೌಚ್ ಎಂದು ಲೆಕ್ಕ. ಯಂತ್ರ ಸ್ಥಿರ ಎಂದು ಹೇಳಿದ ಮೇಲೂ ನಾನು ಇನ್ನೊಂದಿಷ್ಟು ಕಾಯುತ್ತೇನೆ. ಎಷ್ಟು ಹೊತ್ತು, ಆ ಹೊತ್ತಿನ ಯಾವ ಓದನ್ನು ಆರಿಸುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಒಂದು ವಾರ ನಿದ್ದೆಗೆಟ್ಟು ಕಂಡುಕೊಂಡದ್ದು, ನನ್ನ ಬಳಿಯೇ ಇರಲಿ. ಯುಎಸ್‌ಬಿ ಪರಿವರ್ತಕವನ್ನು ಮಾತ್ರ ಅಗ್ಗದ್ದು ಕೊಳ್ಳಬೇಡಿ. ಪೌಚ್ ಸೀಲ್ ಮಾಡುವ ಹೀಟರ್ ಆನ್ ಆದಾಗಲೆಲ್ಲ ನನ್ನದು ಸಂಪರ್ಕ ಕಳೆದುಕೊಳ್ಳುತ್ತಿತ್ತು. ಮೂರನೆಯದಕ್ಕೆ ಸರಿಯಾದದ್ದು ಸಿಕ್ಕಿತು.

ಅಳತೆಯನ್ನೇ ಅಳೆಯುವ ಶಾಸ್ತ್ರವನ್ನೂ ಮಾಡಿದೆ. ಮೂವರು, ಹತ್ತು ಪೌಚ್, ತಲಾ ಮೂರು ಸಲ. ಅಳತೆಯ ಏರಿಳಿತವೇ ಒಟ್ಟು ಏರಿಳಿತದ ನೂರಕ್ಕೆ ಮೂವತ್ತಕ್ಕಿಂತ ಮೇಲೆ ಬಂತು. ಅಂದರೆ ಫೇಲು. ಯಂತ್ರ ಕೆಟ್ಟದ್ದು ಎಂದು ಎಲ್ಲರೂ ಹೇಳಿದರು, ನಾನೂ ಒಂದು ದಿನ ನಂಬಿದ್ದೆ. ಕಡೆಗೆ ಸಿಕ್ಕಿದ್ದು ಗೋಡೆಯ ಫ್ಯಾನ್. ಅದು ಅತ್ತಿತ್ತ ತಿರುಗುವ ಜಾತಿಯದು. ಮುಖ ನಮ್ಮತ್ತ ಬಂದಾಗಲೆಲ್ಲ ಪೌಚ್ ಹಾಯಿಯ ಹಾಗೆ ಗಾಳಿ ಹಿಡಿಯುತ್ತಿತ್ತು. ಅಂಕಿ ನಿಧಾನವಾಗಿ ಮೇಲೇರಿ ಇಳಿಯುವುದನ್ನು ಫ್ಯಾನಿನ ಕತ್ತಿನ ಜೊತೆ ಲಯ ಹಾಕಿ ನೋಡಬಹುದಿತ್ತು. ಮೂರು ಕಡೆ ಅಕ್ರಿಲಿಕ್ ಗೋಡೆ, ಮೇಲೊಂದು ಮುಚ್ಚಳ, ಒಂದು ಚೀಲದ ಖರ್ಚು. ಮೂವತ್ತು ಚಿಲ್ಲರೆ ಇದ್ದದ್ದು ಎಂಟಕ್ಕೆ ಬಂತು. ಈ ನಡುವೆ ಪರೀಕ್ಷೆಗೆ ಇಟ್ಟಿದ್ದ ಹತ್ತರಲ್ಲಿ ಒಂದು ಪೌಚ್ ಪ್ರತಿ ಸಲವೂ ಹಗುರಾಗುತ್ತಿತ್ತು. ಕೆಳಗಿನ ಸೀಲ್‌ನಲ್ಲಿ ಸೂಜಿಮೊನೆಯಷ್ಟು ತೂತು, ಎತ್ತಿದಾಗಲೆಲ್ಲ ಚಿಟಿಕೆ ಪುಡಿ ಉದುರುತ್ತಿತ್ತು. ಆಮೇಲೆ ಮೇಜಿನ ಮೇಲೆ ಕಪ್ಪು ಕಾಗದ ಹಾಸಿದೆ.

ಇಲ್ಲಿಯವರೆಗಿನದು ಪೀಠಿಕೆ. ನಿಜವಾದ ಪೆಟ್ಟು ಬಿದ್ದದ್ದು ಎಲ್ಲವೂ ಸರಿಯಾಯಿತು ಎಂದುಕೊಂಡ ಮೇಲೆ.

ಅರ್ಧ ಗಂಟೆಗೊಮ್ಮೆ ನಾಲ್ಕು ಪೌಚ್, ಒಂದೊಂದು ಹೆಡ್‌ನಿಂದ ಒಂದೊಂದು. ಎಲ್ಲ ಹೆಡ್‌ಗಳಿಗೂ ಪ್ರಾತಿನಿಧ್ಯ, ಇದಕ್ಕಿಂತ ನ್ಯಾಯ ಇನ್ನೇನಿದೆ? ಸರಾಸರಿ ಮತ್ತು ರೇಂಜ್ ಚಾರ್ಟ್ ಹಾಕಿದೆ. ರೇಂಜ್‌ಗಳ ಸರಾಸರಿ ಏಳು ಗ್ರಾಂ ಹತ್ತಿರ. ರೇಂಜ್‌ನಿಂದ ಮಿತಿ ಲೆಕ್ಕ ಹಾಕುವ ಎ2 ಗುಣಕ ನಾಲ್ಕರ ಗುಂಪಿಗೆ 0.729, ಆದ್ದರಿಂದ ಮಿತಿಗಳು ಮಧ್ಯರೇಖೆಯಿಂದ ಮೇಲೆ ಐದು, ಕೆಳಗೆ ಐದು ಗ್ರಾಂ. ಚುಕ್ಕೆಗಳು? ಒಂದೂ ಹೊರಗಿಲ್ಲ. ಒಂದು ದಿನ ಇಲ್ಲ, ಎರಡು ದಿನ ಇಲ್ಲ, ಎರಡು ವಾರ ಇಲ್ಲ. ಎಲ್ಲ ಚುಕ್ಕೆಗಳೂ ಮಧ್ಯರೇಖೆಯನ್ನು ತಬ್ಬಿಕೊಂಡು ಕುಳಿತಿದ್ದವು. ಮೇಲ್ವಿಚಾರಕರು ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿದರು. "ನೋಡಿ, ಪ್ರೊಸೆಸ್ ಎಷ್ಟು ಚೆನ್ನಾಗಿದೆ. ಇದಕ್ಕೆ ನಿಮ್ಮ ತೂಕಯಂತ್ರ ಏಕೆ ಬೇಕಿತ್ತು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಒಂದು ರಾತ್ರಿ ಆ ಮುದ್ರಿತ ಹಾಳೆಯನ್ನೇ ಮನೆಗೆ ಒಯ್ದು ನೋಡುತ್ತ ಕುಳಿತೆ. ಐದು ಗ್ರಾಂವರೆಗೆ ಜಾಗವಿದ್ದರೂ ಎರಡೂವರೆ ಗ್ರಾಂ ದಾಟಿದ ಚುಕ್ಕೆ ಒಂದೂ ಇರಲಿಲ್ಲ. ಅಂಗಳ ಅಷ್ಟು ದೊಡ್ಡದಿರುವಾಗ ಮಕ್ಕಳೆಲ್ಲ ನಡುಗಂಬಕ್ಕೇ ಅಂಟಿಕೊಂಡು ಆಡುತ್ತಿದ್ದರೆ ಏನೋ ಇದೆ ಎಂದೇ ಅರ್ಥ. ಆಗ ಹೊಳೆಯಿತು. ಹಳೆಯ ದತ್ತಾಂಶವನ್ನೇ ಹೆಡ್‌ವಾರು ಬಿಡಿಸಿದೆ. ಮೊದಲನೆಯ ಹೆಡ್ ಸರಾಸರಿಗಿಂತ ಮೂರು ಗ್ರಾಂ ಹೆಚ್ಚು, ನಾಲ್ಕನೆಯದು ಮೂರು ಗ್ರಾಂ ಕಡಿಮೆ, ನಡುವಿನ ಎರಡು ಹೆಚ್ಚೂಕಡಿಮೆ ಸರಿ. ಪ್ರತಿ ಗುಂಪಿನಲ್ಲೂ ಒಬ್ಬ ಉದ್ದದವನನ್ನೂ ಒಬ್ಬ ಗಿಡ್ಡನನ್ನೂ ಖಾಯಂ ಆಗಿ ನಿಲ್ಲಿಸಿ ರೇಂಜ್ ಲೆಕ್ಕ ಹಾಕಿದ್ದೆ. ಹೆಡ್‌ಗಳ ನಡುವಿನ ವ್ಯತ್ಯಾಸವೆಲ್ಲ ರೇಂಜ್‌ಗೆ ಸೇರಿ ಮಿತಿಗಳನ್ನು ಉಬ್ಬಿಸಿತ್ತು. ಸರಾಸರಿಯಲ್ಲಿ ಮಾತ್ರ ಹೆಚ್ಚು ಕಡಿಮೆಗಳು ಒಂದನ್ನೊಂದು ನುಂಗಿ ಹಾಕಿದ್ದವು. ಸಣ್ಣ ತಪ್ಪುಗಳನ್ನು ಹಿಡಿಯಲು ಆ ಚಾರ್ಟ್‌ಗೆ ಸಾಧ್ಯವೇ ಇರಲಿಲ್ಲ. 1924ರಲ್ಲಿ ಶೂಹಾರ್ಟ್ ಕಂಟ್ರೋಲ್ ಚಾರ್ಟ್ ಕೊಟ್ಟಾಗಿನಿಂದಲೂ ಗುಂಪು ಕಟ್ಟುವುದರಲ್ಲೇ ಇದರ ಜೀವ ಇದೆ ಎಂದು ಎಲ್ಲರೂ ಓದಿಯೇ ಇರುತ್ತೇವೆ. ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮರುದಿನದಿಂದ ಒಂದೇ ಹೆಡ್‌ನ ಸತತ ನಾಲ್ಕು ಪೌಚ್‌ಗಳು ಒಂದು ಗುಂಪು, ಹೆಡ್‌ಗೊಂದು ಚಾರ್ಟ್. ಅರ್ಧ ಗಂಟೆಗೆ ಹದಿನಾರು ಪೌಚ್. ನಾಲ್ಕೂ ಹೆಡ್‌ಗಳ ಪೌಚ್ ಒಂದೇ ಬೆಲ್ಟ್‌ಗೆ ಬೀಳುವುದರಿಂದ ಯಾವುದು ಯಾರದೆಂದು ಗುರುತಿಸಲು ತಾರೀಖಿನ ಅಚ್ಚಿನ ಪಕ್ಕ ಚುಕ್ಕೆಗಳನ್ನು ಸೇರಿಸಿದೆ, ಮೊದಲನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ನಾಲ್ಕು. ತೂಗಿದ ಪೌಚ್ ಮರಳಿ ಬೆಲ್ಟ್‌ಗೆ ಹೋಗುತ್ತದೆ, ನಷ್ಟವೇನಿಲ್ಲ. ಒಂದು ಸುತ್ತಿಗೆ ಮೂರು ಮೂರೂವರೆ ನಿಮಿಷ.

ರೇಂಜ್ ಏಳರಿಂದ ಎರಡೂವರೆಗೆ ಇಳಿಯಿತು. ಮಿತಿಗಳು ಎರಡು ಗ್ರಾಂಗಿಂತ ಒಳಗೆ ಬಂದವು. ಮಿತಿ ಬಿಗಿಯಾದದ್ದೇ ತಡ, ನಾಲ್ಕೂ ಚಾರ್ಟ್‌ಗಳಲ್ಲಿ ಚುಕ್ಕೆಗಳು ಹೊರಗೆ ಹಾರತೊಡಗಿದವು. ಗೋಡೆಯ ಹಾಳೆಯನ್ನು ಮೇಲ್ವಿಚಾರಕರು ತಾವೇ ಸದ್ದಿಲ್ಲದೆ ತೆಗೆದರು.

ಹೆಡ್‌ಗಳನ್ನು ಸಮ ಮಾಡಲು ಒಂದು ಭಾನುವಾರ ಸಾಕಾಯಿತು. ನಾಲ್ಕನೆಯದರ ಆಗರ್ ಸವೆದಿತ್ತು, ಅದನ್ನು ಬದಲಾಯಿಸಿದೆವು. ಮೊದಲನೆಯದರ ಆಗರ್ ಸುತ್ತುಗಳ ಎಣಿಕೆಯನ್ನು ಇಳಿಸಿದೆವು. ಆದರೂ ಚುಕ್ಕೆಗಳು ಹಾರುವುದು ನಿಲ್ಲಲಿಲ್ಲ. ಗರಗಸದ ಹಲ್ಲಿನ ಹಾಗೆ ಒಂದು ಮೇಲೆ, ಒಂದು ಕೆಳಗೆ.

ಚಾರ್ಟ್ ಬಿಟ್ಟು ಯಂತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತೆ. ನಮ್ಮ ಹಿರಿಯ ಆಪರೇಟರ್ ಕೆಲಸದಲ್ಲಿ ಬಲು ನಿಷ್ಠಾವಂತರು. ಕೆಲವು ನಿಮಿಷಗಳಿಗೊಮ್ಮೆ ಒಂದು ಪೌಚ್ ಎತ್ತುತ್ತಾರೆ, ತಮ್ಮದೇ ಚಿಕ್ಕ ತೂಕಯಂತ್ರದಲ್ಲಿ ಇಡುತ್ತಾರೆ. ಎರಡು ಗ್ರಾಂ ಕಡಿಮೆಯಿದ್ದರೆ ಅಷ್ಟೇ ಮೇಲಕ್ಕೆ, ಒಂದು ಹೆಚ್ಚಿದ್ದರೆ ಅಷ್ಟೇ ಕೆಳಕ್ಕೆ ಹಿಡಿಕೆ ತಿರುಗಿಸುತ್ತಾರೆ. ಒಂದು ಗಂಟೆಯಲ್ಲಿ ಹದಿನೆಂಟು ಸಲ ತಿರುಗಿಸಿದ್ದನ್ನು ಎಣಿಸಿದೆ. ಆ ಎರಡು ಗ್ರಾಂ ಯಂತ್ರದ ಸಹಜ ಉಸಿರಾಟ, ಅದಕ್ಕೆ ಔಷಧ ಬೇಡ ಎಂದರೆ ಅವರಿಗೆ ಸಿಟ್ಟು. "ಇಷ್ಟು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ ಸರ್, ನೋಡಿಯೂ ಕೈಕಟ್ಟಿ ಕೂರಲೇ?" ಎಂದರು.

ವಾದ ಬೇಡ, ಪ್ರಯೋಗ ಮಾಡೋಣ ಎಂದೆ. ಎರಡನೆಯ ಹೆಡ್ ಮೇಲೆ ಎರಡು ಗಂಟೆ ಅವರ ಕ್ರಮ, ಎರಡು ಗಂಟೆ ಯಾರೂ ಮುಟ್ಟದ ಕ್ರಮ. ಅವರ ಕ್ರಮದಲ್ಲಿ ಸಿಗ್ಮಾ (ತೂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 1.7 ಗ್ರಾಂ, ಮುಟ್ಟದೆ ಬಿಟ್ಟಾಗ 1.2. ಪ್ರತಿ ತೂಕಕ್ಕೂ ಪೂರ್ತಿ ತಿದ್ದುಪಡಿ ಮಾಡಿದರೆ ಸಿಗ್ಮಾದ ವರ್ಗ ಇಮ್ಮಡಿಯಾಗುತ್ತದೆ, ಅಂದರೆ ಸಿಗ್ಮಾ 1.4 ಪಟ್ಟು. ಲೆಕ್ಕ ಹೇಳುವುದೂ ನಮ್ಮ ಹೆಡ್ ತೋರಿಸಿದ್ದೂ ಇಷ್ಟು ಹತ್ತಿರ ಬಂದದ್ದಕ್ಕೆ ನನಗೇ ಅಚ್ಚರಿ. ಇನ್ನೊಮ್ಮೆ ಮಾಡಿದರೆ ಇಷ್ಟು ಚೆಂದ ಬರಲಿಕ್ಕಿಲ್ಲ. ಅವರು ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಂತರ ಹಿಡಿಕೆಯನ್ನು ಕಳಚಿ ನನ್ನ ಮೇಜಿನ ಮೇಲಿಟ್ಟು ಚಹಾಕ್ಕೆ ಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ.

ಈಗ ಚುಕ್ಕೆ ಮಿತಿ ದಾಟಿದರೆ, ಅಥವಾ ಎಂಟು ಚುಕ್ಕೆಗಳು ಸತತವಾಗಿ ಒಂದೇ ಪಕ್ಕ ಬಿದ್ದರೆ ಮಾತ್ರ ಹಿಡಿಕೆ ಹೊರಬರುತ್ತದೆ. ಆಗಲೂ ಎಷ್ಟು ತಿರುಗಿಸಬೇಕು ಎಂಬುದಕ್ಕೆ ಹೆಡ್‌ಗೊಂದು ಪಟ್ಟಿ ಮಾಡಿಟ್ಟಿದ್ದೇನೆ. ಆ ಪಟ್ಟಿ ನಮ್ಮ ಯಂತ್ರಕ್ಕಷ್ಟೇ ಹೊಂದುವುದು, ನಿಮಗೆ ಉಪಯೋಗವಿಲ್ಲ, ಉಪಯೋಗವಿದ್ದರೂ ಕೊಡುತ್ತಿರಲಿಲ್ಲ.

ಎಂಟರ ನಿಯಮದಿಂದ ಒಮ್ಮೆ ಮೂರ್ಖನೂ ಆಗಿದ್ದೇನೆ. ಒಂದು ಮಧ್ಯಾಹ್ನ ನಾಲ್ಕೂ ಹೆಡ್‌ಗಳ ಚುಕ್ಕೆಗಳು ಮೇಲಿನ ಪಕ್ಕಕ್ಕೆ ಹೋಗಿ ಅಲ್ಲೇ ಸಾಲಾಗಿ ಕುಳಿತವು. ನಾಣ್ಯ ಹಾರಿಸಿ ಎಂಟಕ್ಕೆ ಎಂಟೂ ಒಂದೇ ಮುಖ ಬೀಳುವುದು 128ಕ್ಕೆ ಒಂದು ಸಲ. ನಾಲ್ಕು ಹೆಡ್‌ಗಳಲ್ಲಿ ಒಟ್ಟಿಗೆ ಎಂದರೆ ಆಕಸ್ಮಿಕವಲ್ಲವೇ ಅಲ್ಲ. ಪುಡಿ ತುಂಬುವ ಹಾಪರ್ ಇಳಿಸಿದೆವು, ಪುಡಿಯ ತೇವ ನೋಡಿದೆವು, ಪರೀಕ್ಷಾ ತೂಕ ಇಟ್ಟೆವು, ಎಲ್ಲವೂ ಸರಿ. ಮೂರು ಗಂಟೆ ಹಾಳು. ಕಡೆಗೆ ಫಿಲ್ಮ್ ಹಾಕುವ ಹುಡುಗ ಹೇಳಿದ: "ಸರ್, ಊಟಕ್ಕೆ ಮುಂಚೆ ಹೊಸ ರೋಲ್ ಹಾಕಿದ್ದೇನೆ." ಹೊಸ ಫಿಲ್ಮ್ ಕೊಂಚ ದಪ್ಪ. ಇಪ್ಪತ್ತೈದು ಖಾಲಿ ಪೌಚ್‌ಗಳನ್ನು ತೂಗಿ ಸರಾಸರಿ 6.2 ಗ್ರಾಂ ಎಂದು ಟೇರ್, ಅಂದರೆ ಒಟ್ಟು ತೂಕದಿಂದ ಕಳೆಯಬೇಕಾದ ಖಾಲಿ ಪೌಚ್‌ನ ತೂಕ, ಇಟ್ಟಿದ್ದೆ. ಹೊಸದರಲ್ಲಿ ಅದು 7ರ ಹತ್ತಿರ. ನಾನು ಮೂರು ಗಂಟೆ ಹುಡುಕಿದ ಹೆಚ್ಚುವರಿ ಪುಡಿ, ಪುಡಿಯೇ ಆಗಿರಲಿಲ್ಲ. ಈಗ ರೋಲ್ ಬದಲಾದಾಗಲೆಲ್ಲ ಹತ್ತು ಖಾಲಿ ಪೌಚ್ ತೂಗಿ, ಟೇರ್ ಬದಲಿಸಿ, ಚಾರ್ಟ್‌ನಲ್ಲಿ ಒಂದು ಗೆರೆ ಎಳೆಯುತ್ತೇವೆ.

ಪಕ್ಕದ ದಾರಿಯಲ್ಲಿ ಒಂದೆರಡು ಪ್ರಯೋಗಗಳು. ಪೌಚ್‌ನೊಳಗೆ ಸಿಕ್ಕಿಕೊಂಡ ಗಾಳಿ ತೂಕ ಹೆಚ್ಚಿಸುತ್ತದೆ ಎಂದು ಮೇಲ್ವಿಚಾರಕರ ದೃಢ ನಂಬಿಕೆ. ಒಂದೇ ಪುಡಿ, ಒಂದೇ ಪೌಚ್. ಒಮ್ಮೆ ಉಬ್ಬಿಸಿ, ಒಮ್ಮೆ ಹಿಂಡಿ ಬಾಯಿ ಮಡಚಿ ತೂಗಿದೆ. 0.1 ಗ್ರಾಂ ಕೂಡ ಬದಲಾಗಲಿಲ್ಲ. ಹೊರಗಿನ ಗಾಳಿ ಅಷ್ಟೇ ಎತ್ತಿ ಹಿಡಿಯುತ್ತದೆ, ಬದಲಾಗುವ ಮಾತೇ ಇಲ್ಲ. ಅವರು ಇನ್ನೂ ಒಪ್ಪಿಲ್ಲ. ಇನ್ನೊಂದು, ಬೆಳಗಿನ ಮೊದಲ ಗುಂಪು ಯಾವಾಗಲೂ ಕೊಂಚ ಬೇರೆ ಬರುತ್ತಿತ್ತು. ಪುಡಿಯ ಮೇಲೆ ಅನುಮಾನಪಟ್ಟು, ರಾತ್ರಿ ತೂಗಿಟ್ಟ ಪೌಚನ್ನೇ ಬೆಳಿಗ್ಗೆ ಇಟ್ಟು ನೋಡಿದೆ, ಅದೂ ಬೇರೆ ಬಂತು. ತಪ್ಪು ಪುಡಿಯದಲ್ಲ, ತೂಕಯಂತ್ರದೊಳಗೆ ಭಾರ ಅಳೆಯುವ, ತಣ್ಣಗಿದ್ದ ಲೋಡ್ ಸೆಲ್‌ನದು. ಈಗ ಶಿಫ್ಟ್‌ಗೆ ಅರ್ಧ ಗಂಟೆ ಮುಂಚೆ ಕಾವಲಿನವರು ಯಂತ್ರವನ್ನು ಆನ್ ಮಾಡುತ್ತಾರೆ. ಪರೀಕ್ಷಾ ತೂಕ ಇಟ್ಟು ನೋಡುವುದು ಆ ನಂತರವೇ.

ಲೆಕ್ಕಕ್ಕೆ ಬರುತ್ತೇನೆ. ಮೊದಲು ನಾಲ್ಕೂ ಹೆಡ್ ಸೇರಿ ಸಿಗ್ಮಾ ಸುಮಾರು 2.7. ಅದರ ಮೂರು ಪಟ್ಟು 8, ಸರಾಸರಿಗಿಂತ ಅಷ್ಟು ಕೆಳಗೆ ಬೀಳುವ ಪೌಚ್ ಬಲು ಅಪರೂಪ. ಯಾರಿಗೂ ಗೊತ್ತಿಲ್ಲದ ಆ 508ರ ಗುಟ್ಟು ಇದೇ. ಯಾರೋ ಹಿರಿಯರು ಕಣ್ಣಂದಾಜಿನಲ್ಲಿ ಮೂರು ಸಿಗ್ಮಾ ಇಟ್ಟಿದ್ದರು, ಅವರಿಗೊಂದು ನಮಸ್ಕಾರ. ಈಗ ಸಿಗ್ಮಾ 1.2, ಮೂರು ಪಟ್ಟು 3.6. ಗುರಿಯನ್ನು 504ಕ್ಕೆ ತಂದಿದ್ದೇವೆ. ಕೆಲವು ಸಾವಿರದಲ್ಲಿ ಒಂದೋ ಎರಡೋ ಪೌಚ್ ಈಗಲೂ 500ರ ಕೆಳಗೆ ಇಣುಕುತ್ತವೆ. 508 ಇದ್ದಾಗಲೂ ಇಣುಕುತ್ತಿದ್ದವು. ಅಂಕಿ ತೋರಿಸಿದ ಮೇಲೆ ಯಜಮಾನರು ಸುಮ್ಮನಾದರು. ಪೌಚ್‌ಗೆ ನಾಲ್ಕು ಗ್ರಾಂ, ಶಿಫ್ಟ್‌ಗೆ ಐವತ್ತೆಂಟು ಕಿಲೋ, ದಿನಕ್ಕೆ ನೂರಹದಿನಾರು, ಇಪ್ಪತ್ತೈದು ದಿನಕ್ಕೆ ಮೂರು ಟನ್‌ಗೆ ಕೊಂಚ ಕಡಿಮೆ. ನನ್ನ ಇಪ್ಪತ್ತೆರಡು ಚೀಲಗಳು ಐದೇ ದಿನದಲ್ಲಿ ವಾಪಸ್ಸು. ಮುನ್ನೂರು ಚೀಲದ ಕೊಟೇಶನ್ ಕೊಟ್ಟವರು ಮೊನ್ನೆ ಮತ್ತೆ ಬಂದಿದ್ದರು. ಪರದೆಯನ್ನು ನೋಡಿ, ಸಾಫ್ಟ್‌ವೇರ್ ಯಾರದೆಂದು ಕೇಳಿದರು. ಯಜಮಾನರು ನನ್ನತ್ತ ಬೆರಳು ತೋರಿಸಿದರು.

ಇನ್ನೂ ಬಗೆಹರಿಯದ್ದು ಮೂರನೆಯ ಹೆಡ್. ಹಾಪರ್ ತುಂಬಿದಾಗ ಅದರ ತೂಕ ಸುಮಾರು ಒಂದು ಗ್ರಾಂ ಏರುತ್ತದೆ, ಖಾಲಿಯಾಗುತ್ತ ಬಂದಂತೆ ಇಳಿಯುತ್ತದೆ. ಮೇಲಿನ ಪುಡಿಯ ಭಾರಕ್ಕೆ ಕೆಳಗಿನದು ಒತ್ತಿಕೊಳ್ಳುತ್ತದೆ ಎಂಬುದು ಸರಿ, ಆದರೆ ಉಳಿದ ಮೂರಕ್ಕೆ ಇಲ್ಲದ ಚಾಳಿ ಇದೊಂದಕ್ಕೇಕೆ ಎಂಬುದು ಸಿಕ್ಕಿಲ್ಲ. ಕಳೆದ ವಾರ ಹಾಪರ್‌ನ ಪಕ್ಕೆಗೆ ಚಿಕ್ಕ ವೈಬ್ರೇಟರ್ ಕಟ್ಟಿ ನೋಡಿದೆ. ಅದರ ನಡುಕ ಮೇಜಿಗೂ ಹಬ್ಬಿ, ತೂಕಯಂತ್ರ ಎರಡು ದಿನ ಎಸ್‌ಟಿ ಎನ್ನಲೇ ಇಲ್ಲ. ಈ ಭಾನುವಾರ ಯಂತ್ರದ ಕೆಳಗೆ ಕಲ್ಲಿನ ಚಪ್ಪಡಿ ಹಾಕಿಸುತ್ತಿದ್ದೇನೆ. ಚಪ್ಪಡಿ ಹೊರಲು ಹಿರಿಯ ಆಪರೇಟರ್ ತಾವಾಗಿಯೇ ಬರುತ್ತೇನೆಂದಿದ್ದಾರೆ. ಹಿಡಿಕೆ ಮಾತ್ರ ಇನ್ನೂ ನನ್ನ ಡ್ರಾಯರಿನಲ್ಲೇ ಇದೆ.